ಅವ್ವನ ಬೆನ್ನ ಮೇಲೆ ಬರೆದ ಅಂಕಿಗಳು

ಅವ್ವನ ಲೆಕ್ಕ ತಪ್ಪಿದ್ದನ್ನು ಮನೆಯಲ್ಲಿ ಮೊದಲು ಕಂಡವಳು ನಾನು. ಅದನ್ನು ಮುಚ್ಚಿಟ್ಟವಳೂ ನಾನೇ. ಆಗ ನನಗೆ ಹತ್ತು ವರ್ಷ. ಹತ್ತು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಎಂದು ಆಮೇಲೆ ಎಷ್ಟೋ ಜನ ನನ್ನನ್ನು ಸಮಾಧಾನ ಮಾಡಿದ್ದಾರೆ. ಆದರೆ ನಮ್ಮ ಮನೆಯಲ್ಲಿ ಹತ್ತು ವರ್ಷದ ಹುಡುಗಿಗೆ ಇಪ್ಪತ್ತೈದರವರೆಗೆ ಮಗ್ಗಿ ಬಾಯಿಗೆ ಬರುತ್ತಿತ್ತು. ಕಾಲಿನದು, ಅರ್ಧದ್ದು, ಮುಕ್ಕಾಲಿನದು ಕೂಡ ಬರುತ್ತಿತ್ತು. ಯಾವುದು ಸರಿ, ಯಾವುದು ತಪ್ಪು ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿದ್ದ ನಮ್ಮ ಮನೆಗೆ ಮೂರೇ ಕೋಣೆ, ಒಂದರ ಹಿಂದೆ ಒಂದು. ಬೀದಿ ಕಡೆಯ ಕೋಣೆಯಲ್ಲಿ ಎರಡು ಕುಣಿಮಗ್ಗ. ಅಪ್ಪ ಮತ್ತು ವೀರೇಶ ಕಾಕಾ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುತ್ತಿದ್ದರು. ಹಿಂದಿನದು ಅಡುಗೆ ಮನೆ, ಅದರಾಚೆ ಬೇವಿನ ಗಿಡವಿದ್ದ ಸಣ್ಣ ಹಿತ್ತಲು. ನಡುವಿನ ಕೋಣೆ ಅವ್ವನದು. ಅಲ್ಲಿ ಆಳೆತ್ತರದ ಕಟ್ಟಿಗೆಯ ಚಕ್ರವಿತ್ತು. ಅದನ್ನು ತಿರುಗಿಸುತ್ತ ಅವ್ವ ಸೀರೆಯ ಉದ್ದನೆಯ ಎಳೆಗಳನ್ನು, ಎಂದರೆ ಹಾಸನ್ನು, ಬಣ್ಣದ ಲೆಕ್ಕದಲ್ಲಿ ಸುತ್ತುತ್ತಿದ್ದಳು. ಮೂಲೆಯಲ್ಲಿ ಅಜ್ಜಿ ರಾಟಿ ಇಟ್ಟುಕೊಂಡು ಅಡ್ಡ ಎಳೆಯ ನೂಲನ್ನು ಕಂಡಿಕೆ ಎಂಬ ಸಣ್ಣ ಕೊಳವೆಗಳಿಗೆ ಸುತ್ತುತ್ತಿದ್ದಳು. ಆ ಕೋಣೆಗೆ ಕಿಟಕಿಯಿರಲಿಲ್ಲ. ಮುಂಬಾಗಿಲಿನಿಂದ ಸ್ವಲ್ಪ, ಅಡುಗೆ ಮನೆಯ ಹಿಂಬಾಗಿಲಿನಿಂದ ಸ್ವಲ್ಪ ಬೆಳಕು ಬಂದು ಅಲ್ಲಿ ಕೂಡುತ್ತಿತ್ತು. ಆ ಬೆಳಕಿನಲ್ಲಿ ಕೆಂಪಾವುದು ಕಂದಾವುದು ಎಂದು ನನಗೆ ತಿಳಿಯುತ್ತಿರಲಿಲ್ಲ. ಅವ್ವನಿಗೆ ನೋಡಬೇಕಾಗಿಯೇ ಇರಲಿಲ್ಲ. ಎಷ್ಟನೆಯ ಎಳೆ ಎಂದು ಗೊತ್ತಿದ್ದರೆ ಬಣ್ಣ ತಾನಾಗಿ ಗೊತ್ತಾಗುತ್ತದೆ ಎನ್ನುತ್ತಿದ್ದಳು.

ನಮ್ಮ ಕಡೆಯ ಸೀರೆಗೆ ಮೈತುಂಬ ಸಣ್ಣ ಚೌಕಳಿ, ಎರಡೂ ಕಡೆ ಅಗಲವಾದ ದಡಿ. ಒಂದು ಚೌಕಕ್ಕೆ ನಾವು ಮನೆ ಎನ್ನುತ್ತಿದ್ದೆವು. ಒಂದು ಮನೆಗೆ ಕೆಂಪು ಎಷ್ಟೆಳೆ, ಹಳದಿ ಎಷ್ಟೆಳೆ, ಮೈಯಗಲಕ್ಕೆ ಅಂಥ ಮನೆ ಎಷ್ಟು, ಆ ಅಂಚಿನಿಂದ ಈ ಅಂಚಿಗೆ ಎರಡೂ ಕಡೆ ಒಂದೇ ಥರ ಮುಗಿಯಬೇಕಾದರೆ ಎಲ್ಲಿ ಕೂಡಿಸಬೇಕು, ಎಲ್ಲಿ ಕಳೆಯಬೇಕು — ಇದೆಲ್ಲ ಹಾಸು ಹಾಕುವ ಮೊದಲೇ ತೀರ್ಮಾನವಾಗಬೇಕು. ಒಂದು ಹಾಸಿನಲ್ಲಿ ಎಂಟು ಸೀರೆ ಬರುತ್ತವೆ. ಮೊದಲು ತಪ್ಪಿದರೆ ಎಂಟರಲ್ಲೂ ತಪ್ಪು. ಓಣಿಯವರೆಲ್ಲ ಹೊಸ ನಮೂನೆ ಹಿಡಿದುಕೊಂಡು ನಮ್ಮ ನಡುವಿನ ಕೋಣೆಗೆ ಬರುತ್ತಿದ್ದುದು ಇದಕ್ಕೇ. ಮಕ್ತಲ್‌ನಿಂದಲೂ ಬರುತ್ತಿದ್ದರು, ಅವ್ವನ ತವರೂರಾದ ಗದ್ವಾಲದಿಂದಲೂ ಬರುತ್ತಿದ್ದರು. ಎರಡನೇ ಇಯತ್ತೆಗೆ ಶಾಲೆ ಬಿಟ್ಟ ಅವ್ವ ರೊಟ್ಟಿ ಬಡಿಯುತ್ತಲೇ ಉತ್ತರ ಹೇಳುತ್ತಿದ್ದಳು. ರೊಟ್ಟಿ ಹಂಚಿಗೆ ಬಿದ್ದ ಮೇಲೆ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಮ್ಮೆ ಸರಸರನೆ ಓಡುತ್ತಿತ್ತು. ಅಷ್ಟೇ.

ಅಜ್ಜಿ ಬಂದವರ ಮುಂದೆ ಹೇಳುತ್ತಿದ್ದ ಮಾತೊಂದಿತ್ತು.

"ನಮ್ಮ ಸೊಸಿ ತವರಿಂದ ಬಂಗಾರ ತರಲಿಲ್ಲವ್ವ. ಲೆಕ್ಕ ತಂದ್ಳು."

ಅದು ಹೊಗಳಿಕೆಯೋ ಚುಚ್ಚುಮಾತೋ ಎಂದು ನನಗೆ ಬಹಳ ದಿನ ತಿಳಿಯಲಿಲ್ಲ. ಅವ್ವನಿಗೆ ತಿಳಿದಿತ್ತು. ಹಬ್ಬದ ದಿನ ಮೊದಲು ಯಾರ ತಾಟಿಗೆ ಹೋಳಿಗೆ ಬೀಳಬೇಕು, ಮದುವೆಗೆ ಯಾರು ಹೋಗಬೇಕು ಎಂಬ ಯಾವ ಮಾತಿನಲ್ಲೂ ಅವಳನ್ನು ಕೇಳುತ್ತಿರಲಿಲ್ಲ. ಆದರೆ ಹಾಸಿನ ಮಾತು ಬಂದಾಗ ಮಗ್ಗದ ಸದ್ದು ನಿಲ್ಲುತ್ತಿತ್ತು. ಅಪ್ಪ ಕುಣಿಯಿಂದಲೇ ಕತ್ತು ಹೊರಳಿಸಿ, "ಏನಂತಿ?" ಎಂದು ಅವಳನ್ನು ಕೇಳುತ್ತಿದ್ದ. ಆ ಒಂದು ಪ್ರಶ್ನೆಯ ಮೇಲೆ ಅವ್ವ ಆ ಮನೆಯಲ್ಲಿ ನಿಂತಿದ್ದಳು.

ಕಾಕಾ ಹತ್ತನೇ ಇಯತ್ತೆ ಓದಿದವನು. ಪ್ರತಿ ಹಾಸಿಗೂ ಅತ್ತಿಗೆಯ ಬಾಯಿ ನೋಡುವುದು ಅವನಿಗೆ ಸೇರುತ್ತಿರಲಿಲ್ಲ. ಒಂದು ದಿನ ಮಕ್ತಲ್‌ಗೆ ಹೋದವನು ಕರಿಬಣ್ಣದ, ದಪ್ಪ ಗುಂಡಿಗಳಿದ್ದ ಕ್ಯಾಲ್ಕುಲೇಟರ್ ತಂದ. ಅದೇ ಹೊತ್ತಿಗೆ ಓಣಿಯ ಸಿದ್ದಣ್ಣ ಹೊಸ ನಮೂನೆ ಕೇಳಲು ಬಂದಿದ್ದ. ಸೀರೆಯ ಮೈಗೆ ಎರಡು ಸಾವಿರದ ನೂರಾ ಅರವತ್ತು ಎಳೆ. ಒಂದು ಮನೆಗೆ ಹದಿನಾರು ಕೆಂಪು, ನಾಲ್ಕು ಹಳದಿ. ಕಾಕಾ ಗುಂಡಿ ಒತ್ತುವಷ್ಟರಲ್ಲಿ ಅವ್ವ ಒಳಗಿನಿಂದಲೇ ಹೇಳಿದಳು.

"ನೂರಾ ಎಂಟು ಮನಿ."

"ನೂರಾ ಎಂಟ ರೀ ಅತ್ತಿಗಿ, ಇದರಾಗೂ ಅಷ್ಟ ಬಂತು," ಎಂದು ಕಾಕಾ ಅದನ್ನು ಎತ್ತಿ ಹಿಡಿದು ತೋರಿಸಿದ.

"ಬಂತಲ್ಲ? ಹಂಗ ಹಾಕು ಮತ್ತ. ಒಂದು ದಡಿ ಕಡೆ ಹಳದಿ ಬರ್ತೈತಿ, ಇನ್ನೊಂದು ಕಡೆ ಬರಂಗಿಲ್ಲ. ಸಿದ್ದಣ್ಣ, ಎರಡೂ ದಡಿಯಿಂದ ಎರಡೆರಡು ಎಳಿ ತಗೊಂಡು ಮೈಗೆ ನಾಕು ಹಳದಿ ಕೂಡಿಸ್ರಿ."

ಸಿದ್ದಣ್ಣ ತೊಡೆ ತಟ್ಟಿ ನಕ್ಕ. ಅಪ್ಪನೂ ನಕ್ಕ. ಅವ್ವ ಸೆರಗಿನಿಂದ ಹಣೆಯ ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ಕಾಕಾನಿಗೆ ಹೇಳಿದಳು.

"ಅದು ಕೇಳಿದ್ದಷ್ಟ ಹೇಳ್ತೈತಿ, ವೀರೇಶ. ಕೇಳಿದ್ದು ಬರೋಬ್ಬರಿ ಐತೋ ಇಲ್ಲೋ ಅಂತ ಅದಕ್ಕೇನು ಗೊತ್ತು?"

ಕಾಕಾ ಅದನ್ನು ತನ್ನ ಮಗ್ಗದ ಮೇಲಿನ ಗೂಡಿನಲ್ಲಿಟ್ಟ. ಆ ದಿನ ನಾನು ಹೆಮ್ಮೆಯಿಂದ ಓಣಿಯ ತುಂಬ ಓಡಾಡಿದೆ.

ಮುಂದೆ ಸ್ವಲ್ಪ ದಿನಕ್ಕೆ ತೆಲಂಗಾಣಕ್ಕಾಗಿ ಮುಷ್ಕರ ಶುರುವಾಯಿತು. ಬಸ್ಸು ನಿಂತವು. ಮೇಷ್ಟ್ರುಗಳೂ ಮುಷ್ಕರಕ್ಕೆ ಸೇರಿದ್ದರಿಂದ ನಮ್ಮ ಶಾಲೆಗೆ ಬೀಗ ಬಿತ್ತು. ಕಾಕಾ ಮಧ್ಯಾಹ್ನದವರೆಗೆ ನೇಯ್ದು ಚೌಕದಲ್ಲಿ ಹಾಕಿದ್ದ ಶಾಮಿಯಾನದ ಕೆಳಗೆ ಕೂಡಲು ಹೋಗುತ್ತಿದ್ದ. ಅಲ್ಲಿಂದ ಡಪ್ಪಿನ ಸದ್ದು, ತೆಲುಗು ಹಾಡು ನಮ್ಮ ಅಡುಗೆ ಮನೆಯವರೆಗೆ ಕೇಳುತ್ತಿದ್ದವು. ಬೇರೆ ರಾಜ್ಯವಾದರೆ ನಾವು ಕನ್ನಡದವರು ಯಾವ ಕಡೆ ಎಂದು ಅಜ್ಜಿ ದಿನಕ್ಕೊಮ್ಮೆ ಕೇಳುತ್ತಿದ್ದಳು. "ಮಗ್ಗ ಎಲ್ಲಿ ಐತಿ ಆ ಕಡೆ," ಎಂದು ಅಪ್ಪ ದಿನಕ್ಕೊಮ್ಮೆ ಉತ್ತರಿಸುತ್ತಿದ್ದ. ನನಗೆ ಅದು ಹಬ್ಬ. ಶಾಲೆಯಲ್ಲಿ ತೆಲುಗಿನಲ್ಲಿ ಎಕ್ಕಾಲು ಒಪ್ಪಿಸುವ ಬದಲು ದಿನವಿಡೀ ಅವ್ವನ ಜೊತೆ ಚಕ್ರದ ಹತ್ತಿರ ಕೂತು ಕನ್ನಡದಲ್ಲಿ ಮಗ್ಗಿ ಹೇಳುತ್ತಿದ್ದೆ. ಇಪ್ಪತ್ತು ಸುತ್ತಿಗೊಂದು ಗಂಟು ಹಾಕುವ ಕೆಲಸ ನನ್ನದು. ಅವ್ವ ನಡುನಡುವೆ ಬೇಕೆಂದೇ ತಪ್ಪು ಹೇಳುತ್ತಿದ್ದಳು, ನಾನು ಹಿಡಿಯುತ್ತೇನೋ ಇಲ್ಲವೋ ನೋಡಲು. ಹಿಡಿದರೆ ಒಂದು ತುಂಡು ಬೆಲ್ಲ.

ಆದ್ದರಿಂದ ಬನ್ನಿ ಹಬ್ಬದ ಮಾರನೆಯ ದಿನ ಅವ್ವ "ಹದಿನೆಂಟು ಒಂಬತ್ಲೆ ನೂರಾ ಐವತ್ತೆರಡು" ಎಂದಾಗ ನಾನು ಖುಷಿಯಿಂದ ಚಪ್ಪಾಳೆ ಹೊಡೆದೆ.

"ನೂರಾ ಅರವತ್ತೆರಡು! ಬೆಲ್ಲ ಕೊಡವ್ವ."

ಅವ್ವ ನಗಲಿಲ್ಲ. ಚಕ್ರ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ತನ್ನ ಬಲಗೈ ನೋಡಿಕೊಂಡಳು. ಹೆಬ್ಬೆರಳು ಬೆರಳುಗಳ ಮೇಲೆ ಓಡಲು ಹೊರಟು, ದಾರಿ ಗೊತ್ತಿಲ್ಲದಂತೆ ನಡುವೆ ನಿಂತಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ಅಲ್ಲೇ ನಿಂತಿತು. ಎದ್ದು ಹೋಗಿ ಡಬ್ಬಿಯಿಂದ ಬೆಲ್ಲ ತಂದು ಕೊಟ್ಟಳು. ತುಂಡು ಎಂದಿಗಿಂತ ದೊಡ್ಡದಿತ್ತು. ನಾನು ತಿಂದೆ.

ಆಮೇಲಿನ ದಿನಗಳಲ್ಲಿ ಅವಳಿಗೆ ಬೆಳಗ್ಗೆ ಎದ್ದೊಡನೆ ತಲೆನೋವು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಒಲೆ ಹಚ್ಚುತ್ತಿದ್ದಳು. ಕೆಲವು ದಿನ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಅಜ್ಜಿಯ ಮುಖ ಅರಳಿತು. ಹತ್ತು ವರ್ಷದ ಮೇಲೆ ಮನೆಯಲ್ಲಿ ತೊಟ್ಟಿಲು ಕಟ್ಟುವ ಕಾಲ ಬಂತೆಂದು ಮಾವಿನ ಉಪ್ಪಿನಕಾಯಿ ಬೇರೆ ಭರಣಿಗೆ ತೆಗೆದಿಟ್ಟಳು. ಅವ್ವನ ತಾಟಿಗೆ ತಾನೇ ತುಪ್ಪ ಬಡಿಸಿದಳು. ಅಪ್ಪ ಕುಣಿಯಲ್ಲಿ ಕೂತು ಸುಮ್ಮಸುಮ್ಮನೆ ನಗುತ್ತಿದ್ದ. ಅವ್ವ ಮಾತ್ರ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ತಿಂಗಳ ಕೊನೆಗೆ ಅವಳು ಎಂದಿನಂತೆ ಹೊರಗೆ ಕೂತಾಗ ಅಜ್ಜಿ ತುಪ್ಪದ ಡಬ್ಬಿಯನ್ನು ಮೇಲಿನ ಹಲಗೆಗೆ ಎತ್ತಿಟ್ಟಳು. ಅಲ್ಲಿಂದ ಮುಂದೆ ಅಜ್ಜಿಯ ಪಾಲಿಗೆ ಅವ್ವನ ತಲೆನೋವು ಸೋಗಾಯಿತು.

"ಹೊಸ ನಮೂನಿ ತಲೆನೋವು. ನಮಗ್ಯಾರಿಗೂ ಬರಂಗಿಲ್ಲ," ಎಂದು ಅಜ್ಜಿ ರಾಟಿಯ ಸದ್ದಿನ ಮೇಲೆ ಕೇಳುವಂತೆ ಹೇಳುತ್ತಿದ್ದಳು.

ಅದೇ ವಾರ ಒಂದು ಮಧ್ಯಾಹ್ನ, ಅಪ್ಪ ಉಣ್ಣಲು ಕೂತಿದ್ದಾಗ, ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. ಬೇವಿನ ಗಿಡದ ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನನ್ನ ಎರಡೂ ಕೈ ಹಿಡಿದುಕೊಂಡಳು.

"ಲೀಲಾ, ಕಾಕಾನ ಗೂಡಿನಾಗ ಅದು ಐತಲ್ಲ, ಲೆಕ್ಕದ್ದು. ಯಾರಿಗೂ ಗೊತ್ತಾಗದಂಗ ತರ್ತಿ?"

"ನಿನಗ್ಯಾಕವ್ವ ಅದು?"

"ತಲಿ ಭಾಳ ನೋಯ್ತೈತಿ. ತಲಿ ನೆಟ್ಟಗಾಗೂ ತನಕ ಅಷ್ಟ. ಯಾರಿಗೂ ಹೇಳಬ್ಯಾಡ, ನನ್ನ ಮ್ಯಾಲ ಆಣಿ ಐತಿ."

"ಅಪ್ಪಗೂ?"

"ಅಪ್ಪಗ ಮೊದಲ ಹೇಳಬ್ಯಾಡ." ಅವಳು ನನ್ನ ಕೈಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಲೆಕ್ಕನೂ ಹೋತು ಅಂದ್ರ ಈ ಮನ್ಯಾಗ ನಾ ಏನು, ಹೇಳು?"

ಮಧ್ಯಾಹ್ನ ಕಾಕಾ ಶಾಮಿಯಾನಕ್ಕೆ ಹೋದಾಗ ತರುವುದು, ಅವನು ಬರುವ ಮೊದಲು ಇಡುವುದು ನನ್ನ ಕೆಲಸವಾಯಿತು. ಆದರೆ ಅವ್ವನ ಬೆರಳುಗಳು ಆ ಗುಂಡಿಗಳ ಮೇಲೆ ಸರಿಯಾಗಿ ಹೋಗಲಿಲ್ಲ. ಆರರ ಬದಲು ಒಂಬತ್ತು ಒತ್ತುತ್ತಿದ್ದಳು. ಹಾಗಾಗಿ ಒತ್ತುವ ಕೆಲಸವೂ ನನಗೇ ಬಂತು. ಕೇಳಲು ಬಂದವರು ಎದುರಿಗೇ ಕೂತಿರುತ್ತಿದ್ದುದರಿಂದ ನಾವೊಂದು ಉಪಾಯ ಮಾಡಿದೆವು. ಅವ್ವ ಚಕ್ರದ ಮುಂದೆ ಕೂಡುವುದು, ನಾನು ಅವಳಿಗೆ ಆತುಕೊಂಡು ಹಿಂದೆ ಕೂಡುವುದು. ಕ್ಯಾಲ್ಕುಲೇಟರ್ ನನ್ನ ಲಂಗದ ಮಡಿಕೆಯಲ್ಲಿ. ಬಂದವರು ಎಳೆಯ ಲೆಕ್ಕ ಹೇಳುತ್ತಿದ್ದಂತೆ ನಾನು ಒತ್ತಿ, ಬಂದ ಉತ್ತರವನ್ನು ತೋರುಬೆರಳಿನಿಂದ ಅವಳ ಬೆನ್ನ ಮೇಲೆ, ಕುಪ್ಪಸದ ಬಟ್ಟೆಯ ಮೇಲೆ, ಒಂದೊಂದೇ ಅಂಕಿಯಾಗಿ ಬರೆಯುವುದು. ಅವ್ವ ತುಸು ತಡೆದು, ಎಂದಿನ ಗತ್ತಿನಲ್ಲಿ ಉತ್ತರ ಹೇಳುವುದು.

ಮುಷ್ಕರ ಮುಗಿಯಿತು, ಶಾಲೆ ತೆರೆಯಿತು, ಚೌಕದ ಶಾಮಿಯಾನ ಮಾತ್ರ ಹಾಗೇ ಉಳಿಯಿತು. ನಾನು ಹೊಟ್ಟೆನೋವು, ಜ್ವರ ಎಂದು ಏನೇನೋ ನೆಪ ಹೇಳಿ ವಾರಕ್ಕೆ ಮೂರು ದಿನ ಮನೆಯಲ್ಲೇ ಉಳಿದೆ. ನನಗೆ ಆಗ ಭಯವಾಗಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಭಯವಾಗಿದ್ದರೆ ಯಾರಿಗಾದರೂ ಹೇಳುತ್ತಿದ್ದೆನೋ ಏನೋ. ನನಗೆ ಆಗುತ್ತಿದ್ದುದು ಸುಖ. ದಿನವಿಡೀ ಕೆಲಸದಲ್ಲಿರುತ್ತಿದ್ದ, ಎತ್ತಿಕೊಳ್ಳಲು ಬಿಡುವಿಲ್ಲದ ಅವ್ವ ಈಗ ಬೆನ್ನು ಕೊಟ್ಟು ಕೂಡುತ್ತಿದ್ದಳು. ಅವಳ ಮೈ ಬಿಸುಪು, ಜೋಳದ ಹಿಟ್ಟಿನ ವಾಸನೆ, ನಮ್ಮಿಬ್ಬರ ನಡುವಿನ ಗುಟ್ಟು. ಸಿದ್ದಣ್ಣನಂಥ ಸಿದ್ದಣ್ಣನೇ ತಲೆದೂಗಿ ಹೋದಾಗ ನಾನು ಅವಳ ಬೆನ್ನಿಗೆ ಮುಖ ಒತ್ತಿ ನಗು ತಡೆಯುತ್ತಿದ್ದೆ. ಅವಳ ಬೆನ್ನು ನಗುತ್ತಿದೆಯೋ ಅಳುತ್ತಿದೆಯೋ ಎಂದು ನಾನು ನೋಡಲಿಲ್ಲ.

ಹಾಸು ಸುತ್ತುವಾಗ ಸುತ್ತು ಎಣಿಸುವವಳೂ ನಾನೇ ಆದೆ. ಒಂದು ಹಾಸೂ ತಪ್ಪಲಿಲ್ಲ. ಅವ್ವ ಬಲಗೈಯಿಂದ ಚೊಂಬು ಬೀಳಿಸಿದಳು, ಉಪ್ಪು ಹಾಕಿದ ಸಾರಿಗೇ ಮತ್ತೆ ಉಪ್ಪು ಹಾಕಿದಳು, ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ನೀರಿಗೆ ಹೋದಳು. ಅಜ್ಜಿ ಬೈದಳು. ಆದರೆ ಲೆಕ್ಕ ಸರಿಯಿತ್ತಲ್ಲ! ಬುದ್ಧಿ ನೆಟ್ಟಗಿದೆ, ಮನಸ್ಸು ಮಾತ್ರ ಕೆಲಸದ ಮೇಲಿಲ್ಲ ಎಂದು ಎಲ್ಲರೂ ತಿಳಿದರು.

ಸಂಕ್ರಾಂತಿ ಕಳೆದ ಮೇಲೆ ಗದ್ವಾಲದಿಂದ ನಾಗಪ್ಪ ಎಂಬ ಹಿರಿಯ ನೇಕಾರರು ಬಂದರು. ಅವ್ವನ ತವರಿನ ಓಣಿಯವರು, ಅವಳನ್ನು ಲಂಗ ಉಟ್ಟ ಕಾಲದಿಂದ ಕಂಡವರು. ಗದ್ವಾಲದ ರೇಷ್ಮೆ ದಡಿಗೆ ನಮ್ಮ ಕಡೆಯ ಚೌಕಳಿ ಕೂಡಿಸಬೇಕು ಎಂಬುದು ಅವರ ಆಸೆ. ಸಿದ್ದಣ್ಣನೂ ಬಂದು ಕೂತ. ಅಪ್ಪ, ಕಾಕಾ ಇಬ್ಬರೂ ಮಗ್ಗ ಬಿಟ್ಟು ಎದ್ದು ಬಂದರು. ಕಾಕಾ ಮನೆಯಲ್ಲಿರುವುದು ತಿಳಿದಿದ್ದರೂ ನಾನು ಬೆಳಗ್ಗೆಯೇ ಗೂಡಿನಿಂದ ತೆಗೆದಿಟ್ಟುಕೊಂಡಿದ್ದೆ. ಅವರು ಬರುವ ಸುದ್ದಿ ಹಿಂದಿನ ದಿನವೇ ಬಂದಿತ್ತು.

"ಮೈಗೆ ಎರಡು ಸಾವಿರದ ಆರುನೂರಾ ಇಪ್ಪತ್ತೈದು ಎಳಿ, ತಂಗಿ," ಎಂದರು ನಾಗಪ್ಪ. "ಇಪ್ಪತ್ತೈದು ಎಳಿಗೊಂದು ಮನಿ ಹಿಡದ್ರ ಎಷ್ಟು ಮನಿ ಆಗ್ತಾವ?"

ನಾನು ಒತ್ತಿದೆ. ಬೆನ್ನ ಮೇಲೆ ಒಂದು ಬರೆದೆ, ಸೊನ್ನೆ ಬರೆದೆ, ಐದು ಬರೆದೆ. ಅವ್ವ ಸುಮ್ಮನಿದ್ದಳು. ಮತ್ತೆ ಬರೆದೆ, ದೊಡ್ಡದಾಗಿ, ನಿಧಾನಕ್ಕೆ. ಸುಮ್ಮನಿದ್ದಳು. ನಾಗಪ್ಪ ಮುಗುಳ್ನಗುತ್ತ ಕಾಯುತ್ತಿದ್ದರು. ಉಗುರು ಊರಿ ಮೂರನೆಯ ಸಲ ಬರೆದೆ. ಒಂದು, ಸೊನ್ನೆ, ಐದು.

ಅವ್ವ ಹಿಂದೆ ತಿರುಗಿ ನೋಡಿ ಎಲ್ಲರಿಗೂ ಕೇಳುವಂತೆ ಅಂದಳು.

"ಯಾಕ ಲೀಲಾ, ಬೆನ್ನು ಯಾಕ ಕೆರೀತಿ?"

ಸಿದ್ದಣ್ಣ ನಕ್ಕ. ನಾನು ಗಡಬಡಿಸಿ ಎದ್ದೆ. ಕ್ಯಾಲ್ಕುಲೇಟರ್ ಲಂಗದಿಂದ ಜಾರಿ ನೆಲದ ಹಾಸುಗಲ್ಲಿನ ಮೇಲೆ ಬಿತ್ತು. ಅದರ ಮುಖದ ಮೇಲೆ ನೂರಾ ಐದು ಇನ್ನೂ ಇತ್ತು. ನಾಗಪ್ಪ ಬಗ್ಗಿ ಅದನ್ನು ಎತ್ತಿಕೊಂಡು, ನೋಡಿ, ಅಪ್ಪನ ಕೈಗೆ ಕೊಟ್ಟು, "ಇರಲಿ ಬಿಡ್ರಿ, ಇರಲಿ ಬಿಡ್ರಿ," ಎನ್ನುತ್ತ ಚಪ್ಪಲಿ ಮೆಟ್ಟಿಕೊಂಡರು. ಅವರು ಓಣಿ ದಾಟುವವರೆಗೆ ಅಪ್ಪ ತಡೆದುಕೊಂಡಿದ್ದ.

"ಎಷ್ಟು ದಿನದಿಂದ ನಡದೈತಿ ಈ ನಾಟಕ? ಹಿರೇರ ಮುಂದ ಮಾನ ಕಳದ್ಯಲ್ಲ! ಸಣ್ಣ ಹುಡುಗಿಗೆ ಕಳ್ಳತನ ಕಲಿಸಿದಿ!"

"ಲೆಕ್ಕ ಅಂತ ಲೆಕ್ಕ," ಎಂದಳು ಅಜ್ಜಿ. "ಇಷ್ಟು ವರ್ಷ ಇದ ಮಾಡಿದ್ಳೋ ಏನೋ."

ಆ ಮಾತಿಗೆ ಅವ್ವ ತಲೆಯೆತ್ತಿದಳು. ಏನೋ ಹೇಳಲು ಬಾಯಿ ತೆರೆದಳು. ಬಂದದ್ದು, "ನಾ... ಇದು... ಮನಿ... ಮನಿ," ಅಷ್ಟೇ. ಎದ್ದು ಅಡುಗೆ ಮನೆಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಕೇಳಿತು. ಎರಡು ಏಟು, ಮತ್ತೆ ಇಲ್ಲ. ನಾನು ಓಡಿ ಹೋದಾಗ ಅವ್ವ ಒಲೆಯ ಪಕ್ಕದಲ್ಲಿ ಬಿದ್ದಿದ್ದಳು. ಬಲಗೈ ಹಿಟ್ಟಿನ ಮೇಲೆ ಹಾಗೇ ಚಾಚಿತ್ತು.

ರಾಯಚೂರಿಗೆ ಕರೆದುಕೊಂಡು ಹೋದರು. ಅವ್ವ ನನ್ನ ಕೈ ಬಿಡದ್ದರಿಂದ ನನ್ನನ್ನೂ ಒಯ್ದರು. ಮಕ್ತಲ್ ದಾಟಿ, ಕೃಷ್ಣಾ ನದಿಯ ಸೇತುವೆ ದಾಟುವವರೆಗೆ ಕಾಕಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಎದುರು ಸ್ಟೂಲಿನ ಮೇಲೆ ಕೂತು ಮೆತ್ತಗೆ ಕೇಳಿದರು.

"ಬಸಮ್ಮ, ನಿಮ್ಮ ಉಂಗುರದ ಬೆರಳು ಯಾವುದು, ತೋರಿಸ್ರಿ."

ಅವ್ವ ಬಲಗೈಯನ್ನು ಮುಖದ ಹತ್ತಿರ ತಂದುಕೊಂಡು ನೋಡಿದಳು. ಯಾರೋ ಕೊಟ್ಟು ಹೋದ ವಸ್ತುವನ್ನು ನೋಡಿದಂತೆ ನೋಡಿದಳು. ತೋರಿಸಲಾಗಲಿಲ್ಲ. ತಲೆಯ ಫೋಟೋ ತೆಗೆಸಿದ ಮೇಲೆ, ಎಡಗಡೆ, ಕಿವಿಯ ಮೇಲೆ ಹಿಂದಕ್ಕೆ ಗಡ್ಡೆಯಿದೆ ಎಂದರು. ಲೆಕ್ಕ, ಬೆರಳು, ಎಡಬಲ ತಿಳಿಯುವ ಜಾಗ ಅದೇ ಎಂದರು. ಇದು ಒಮ್ಮೆಲೆ ಬರುವುದಲ್ಲ, ಲೆಕ್ಕದಲ್ಲಿ ತಪ್ಪುತ್ತಿದ್ದುದು ಯಾವಾಗಿನಿಂದ ಎಂದು ಅಪ್ಪನನ್ನು ಕೇಳಿದರು. ಅಪ್ಪ ನನ್ನತ್ತ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

"ಎಷ್ಟು ದಿನ ಆತವ್ವ?"

ಬನ್ನಿ ಹಬ್ಬದ ಮಾರನೆಯ ದಿನದಿಂದ ಆ ದಿನದವರೆಗೆ ನಾನು ಮನಸ್ಸಿನಲ್ಲೇ ಎಣಿಸಿದೆ. ತಿಂಗಳಿಗೆ ಮೂವತ್ತು, ಮೂವತ್ತೊಂದು ಹಿಡಿದು ಕೂಡಿಸಿದೆ. ಬೆರಳು ಮುಟ್ಟಲಿಲ್ಲ.

"ನೂರಾ ಹದಿಮೂರು."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಆವಾಗ ಕರಕೊಂಡು ಬಂದಿದ್ರ..." ಎಂದು ಶುರು ಮಾಡಿ, ನಾನು ಕೇಳುತ್ತಿರುವುದು ನೆನಪಾಗಿ ನಿಲ್ಲಿಸಿದರು. ಆ ವಾಕ್ಯವನ್ನು ಪೂರ್ತಿ ಮಾಡಿಸಲು ನಾನು ಬೆಳೆದ ಮೇಲೆ ಬೇರೆ ಬೇರೆ ಡಾಕ್ಟರುಗಳ ಹತ್ತಿರ ಹೋಗಿದ್ದೇನೆ. ಒಬ್ಬರು, ಏನೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ ಎಂದರು. ಇನ್ನೊಬ್ಬರು, ಆಗುತ್ತಿತ್ತು ಎಂದರು. ಇಬ್ಬರನ್ನೂ ನಂಬುತ್ತೇನೆ.

ಆ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಕಾಕಾ ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತ.

"ನನಗ ಗೊತ್ತಿತ್ತು ಲೀಲಾ, ನೀ ಅದನ್ನ ಒಯ್ಯೋದು. ಇಟ್ಟ ಜಾಗ ಬ್ಯಾರೆ ಇರ್ತಿತ್ತು. ಒಮ್ಮೆ ಸೆಲ್ ಹೋಗಿತ್ತು, ಹೊಸದು ನಾನ ಹಾಕಿಟ್ಟೆ."

"ಯಾಕ ಹೇಳಲಿಲ್ಲ ಕಾಕಾ?"

"ಅತ್ತಿಗಿ ಸೋತ್ರು ಅಂತ ಖುಷಿ ಆಗಿತ್ತು," ಎಂದ ಅವನು. ಆಮೇಲೆ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ಅತ್ತ. ದೊಡ್ಡವರು ಹಾಗೆ ಅಳುವುದನ್ನು ನಾನು ಅದೇ ಮೊದಲು ಕಂಡದ್ದು.

ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ತಲೆ ಬೋಳಿಸಿಕೊಂಡು, ಕಿವಿಯ ಹಿಂದೆ ಹೊಲಿಗೆ ಹಾಕಿಸಿಕೊಂಡು ಅವ್ವ ತಿರುಗಿ ಬಂದಳು. ಒಂದು ವರ್ಷ, ಅದಕ್ಕೂ ಸ್ವಲ್ಪ ಹೆಚ್ಚು, ಒಳ್ಳೆಯದಿತ್ತು. ಮಾತು ಬಂತು. ಕೈ ಅರ್ಧ ಬಂತು. ಲೆಕ್ಕ ಬರಲಿಲ್ಲ. ಶಾಲೆಯಿಂದ ಬಂದವಳೇ ನಾನು ಅವಳನ್ನು ಬೇವಿನ ಗಿಡದ ಕೆಳಗೆ ಕೂಡಿಸಿಕೊಂಡು ಮಗ್ಗಿ ಕಲಿಸಿದೆ. ಎರಡೊಂದಲೆ ಎರಡು, ಎರಡೆರಡಲೆ ನಾಲ್ಕು. ಹುಣಸೆ ಬೀಜ ಇಟ್ಟು ತೋರಿಸಿದೆ. ಅವಳು ವಿಧೇಯ ವಿದ್ಯಾರ್ಥಿ. ನಾಲ್ಕರ ಮಗ್ಗಿಯವರೆಗೆ ಬಂದಳು. ಐದಕ್ಕೆ ಹೋದರೆ ಎರಡರದು ಮರೆಯುತ್ತಿತ್ತು. ತಪ್ಪಿದಾಗ ನನ್ನ ಮುಖ ನೋಡಿ, "ಬೈಬ್ಯಾಡ," ಎನ್ನುತ್ತಿದ್ದಳು. ನಾನು ಬೈಯುತ್ತಿದ್ದೆ. ಸುಳ್ಳು ಹೇಳಿ ಏನು ಪ್ರಯೋಜನ? ಹನ್ನೊಂದು ವರ್ಷದ ನಾನು ಅವ್ವನಿಗೆ ಬೈಯುತ್ತಿದ್ದೆ, ಬೀಜಗಳನ್ನು ಒದೆಯುತ್ತಿದ್ದೆ. ಅವಳು ಬಗ್ಗಿ ಒಂದೊಂದೇ ಹೆಕ್ಕುತ್ತಿದ್ದಳು, ಎಷ್ಟು ಹೆಕ್ಕಬೇಕೆಂದು ತಿಳಿಯದೆ, ಎಲ್ಲ ಮುಗಿದ ಮೇಲೂ ನೆಲ ತಡವುತ್ತ.

ಹಾಸಿನ ಲೆಕ್ಕವನ್ನು ಈಗ ಕಾಕಾ ಕ್ಯಾಲ್ಕುಲೇಟರಿನಲ್ಲಿ ಮಾಡುತ್ತಿದ್ದ. ಮೊದಮೊದಲು ಒಂದೆರಡು ಎಳೆ ಹೆಚ್ಚುಕಡಿಮೆಯಾದವು. ಬೇಗನೆ ಕಲಿತ. ಅಂಚಿಗೆ ನಾಲ್ಕು ಹಳದಿ ಕೂಡಿಸುವುದನ್ನೂ ಕಲಿತ. ಓಣಿಯವರೂ ಒಬ್ಬೊಬ್ಬರಾಗಿ ತಮ್ಮ ಮೊಬೈಲಿನಲ್ಲೇ ಮಾಡಿಕೊಳ್ಳತೊಡಗಿದರು. ಸೀರೆಗಳು ಮೊದಲಿನಂತೆಯೇ ಬಂದವು, ಒಂದು ಚೌಕವೂ ಸೊಟ್ಟಗಾಗಲಿಲ್ಲ. ಅವ್ವನಿಲ್ಲದೆ ಏನಾದರೂ ಕೆಡಲಿ ಎಂದು ನಾನು ಪ್ರತಿ ಸೀರೆಯನ್ನೂ ಬಿಚ್ಚಿ ಅಂಚಿನಿಂದ ಅಂಚಿಗೆ ಎಣಿಸುತ್ತಿದ್ದೆ. ಏನೂ ಕೆಡಲಿಲ್ಲ. ಬಂದವರು ಮುಂದಿನ ಕೋಣೆಯಲ್ಲೇ ಮಾತು ಮುಗಿಸಿ ಹೋಗುತ್ತಿದ್ದರು. ನಡುವಿನ ಕೋಣೆಯಲ್ಲಿ ಖಾಲಿ ಕಂಡಿಕೆಯೊಂದನ್ನು ಕೈಯಲ್ಲಿ ಹಿಡಿದು ಕೂತ ಅವ್ವ, ಪ್ರತಿ ದನಿಗೂ ಬಾಗಿಲ ಕಡೆ ನೋಡುತ್ತಿದ್ದಳು.

ಈಗ ನಾನು ಉಟ್ಕೂರ್ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಗಣಿತ ಹೇಳುತ್ತೇನೆ. ಶೇರ್ ಆಟೋದಲ್ಲಿ ಹೋಗಿ ಬರುತ್ತೇನೆ. "ಬಾಯಿಲೆಕ್ಕ ಯಾಕ್ರೀ ಟೀಚರ್, ಫೋನಿನಾಗ ಬರಂಗಿಲ್ಲೇನು?" ಎಂದು ಮಕ್ಕಳ ಅಪ್ಪಂದಿರು ಕೇಳುತ್ತಾರೆ. ಬುದ್ಧಿ ಚುರುಕಾಗುತ್ತದೆ ಎಂದು ಉಳಿದ ಮೇಷ್ಟ್ರುಗಳು ಹೇಳುವ ಉತ್ತರ ನನ್ನ ಬಾಯಿಗೆ ಬರುವುದಿಲ್ಲ. ಚುರುಕಾದ ಬುದ್ಧಿ ಏನಾಯಿತೆಂದು ನಾನು ಕಂಡಿದ್ದೇನೆ. ಮಗ್ಗಿ ಚೆನ್ನಾಗಿ ಬರುತ್ತಿದ್ದ ಮಗು ಒಂದು ದಿನ ತಡವರಿಸಿದರೆ ಪಾಠ ನಿಲ್ಲಿಸಿ ಅದನ್ನು ಹತ್ತಿರ ಕರೆಯುತ್ತೇನೆ. ತಲೆ ನೋಯುತ್ತದೆಯೇ, ವಾಂತಿಯಾಗುತ್ತದೆಯೇ ಎಂದು ಕೇಳುತ್ತೇನೆ. ಒಮ್ಮೆ ಒಂದು ಹುಡುಗಿಯನ್ನು ಅವಳ ತಾಯಿಯೊಂದಿಗೆ ಹಟ ಹಿಡಿದು ರಾಯಚೂರಿಗೆ ಕರೆದೊಯ್ದೆ. ಅವಳಿಗೆ ಬೇಕಾಗಿದ್ದುದು ಕನ್ನಡಕ. ತಾಯಿ ಇಂದಿಗೂ ಅದನ್ನು ಹೇಳಿಕೊಂಡು ನಗುತ್ತಾಳೆ. ನಾನೂ ನಗುತ್ತೇನೆ. ಆದರೆ ಮರುದಿನ ಮತ್ತೊಂದು ಮಗುವನ್ನು ಕೇಳುತ್ತೇನೆ.

ಅವ್ವನ ಆ ಒಳ್ಳೆಯ ವರ್ಷ ಕಳೆದ ಮೇಲೆ ಗಡ್ಡೆ ಮತ್ತೆ ಬಂತು. ಎರಡನೆಯ ಸಲ ಹೈದರಾಬಾದಿನವರು ಕತ್ತರಿ ಹಿಡಿಯಲು ಒಪ್ಪಲಿಲ್ಲ. ಆ ಬೇಸಿಗೆಯಲ್ಲಿ ಅವ್ವ ಉಣ್ಣುವ ಹೊತ್ತಿಗೆ ತಾನೇ ಎದ್ದು ಹೋಗಿ ತಾಟು ಹಾಕುತ್ತಿದ್ದ ನೆನಪು. ಐದು ಜನರ ಮನೆ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಗೂಡಿನಲ್ಲಿದ್ದ ತಾಟು ಮುಗಿಯುವವರೆಗೆ ಹಾಕುತ್ತಿದ್ದಳು. ಅಜ್ಜಿ, ಒಂದು ಕಾಲಕ್ಕೆ ಅಷ್ಟು ಬಾಯಿ ಮಾಡುತ್ತಿದ್ದವಳು, ಈಗ ಅಷ್ಟೂ ತಾಟಿಗೆ ಒಂದೊಂದು ಚೂರು ರೊಟ್ಟಿ, ಪುಂಡಿಪಲ್ಯ ಇಡುತ್ತಿದ್ದಳು. ನಾವು ಉಂಡು ಎದ್ದ ಮೇಲೆ ಉಳಿದವನ್ನು ತಾನೇ ಒಂದೊಂದಾಗಿ ತೆಗೆಯುತ್ತಿದ್ದಳು.

ತೆಲಂಗಾಣ ರಾಜ್ಯವಾದ ದಿನ ಬೆಳಗಿನಿಂದಲೇ ಪಟಾಕಿ. ಚೌಕದಲ್ಲಿ ಬಣ್ಣ ಎರಚಿಕೊಂಡು ಕುಣಿಯುತ್ತಿದ್ದರು. ಅಷ್ಟು ವರ್ಷ ಶಾಮಿಯಾನದಲ್ಲಿ ಕೂತಿದ್ದ ಕಾಕಾ ಹೋಗಲಿಲ್ಲ. ಸದ್ದಿಗೆ ಅವ್ವ ಬೆದರುತ್ತಿದ್ದಳೆಂದು ನಡುವಿನ ಕೋಣೆಯ ಎರಡೂ ಬಾಗಿಲು ಮುಂದಕ್ಕೆ ಮಾಡಿ ಹೊಸ್ತಿಲ ಮೇಲೆ ಕೂತಿದ್ದ. ನಾನು ಅವ್ವನ ಹಾಸಿಗೆಯ ಪಕ್ಕದಲ್ಲಿದ್ದೆ. ಅವಳು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದಳು. ಹೆಸರು ನೆನಪಿಗೆ ಬರಲಿಲ್ಲವೆಂದು ಕಾಣುತ್ತದೆ.

"ನಿನಗ ಎಷ್ಟು ವರ್ಷ?" ಎಂದು ಕೇಳಿದಳು.

"ಹದಿಮೂರು, ಅವ್ವ."

ಆ ಮಾತನ್ನು ಅವಳು ಬಾಯಲ್ಲೇ ಒಮ್ಮೆ ಹೊರಳಿಸಿದಳು. ಹದಿಮೂರು. ಹದಿಮೂರು. ಕಣ್ಣಲ್ಲಿ ಏನೂ ಮೂಡಲಿಲ್ಲ.

"ಅಂದ್ರ... ಭಾಳ ಏನು, ಸ್ವಲ್ಪ ಏನು?"

ಹೊರಗೆ ಮತ್ತೊಂದು ಸರ ಪಟಾಕಿ ಹೊಡೆದುಕೊಂಡಿತು. ಅದು ಮುಗಿಯುವವರೆಗೆ ನಾನು ಕಾದೆ.

"ಸ್ವಲ್ಪ, ಅವ್ವ."

ಅವ್ವ ನೆಟ್ಟಗಿದ್ದ ಎಡಗೈಯನ್ನು ತಂದು ನನ್ನ ತಲೆಯ ಮೇಲಿಟ್ಟಳು. ತಾಯಿಯಿಲ್ಲದ ಯಾರದೋ ಮಗುವನ್ನು ಕಂಡವರಂತೆ ಅವಳ ಮುಖ ಕರಗಿತು.

"ಪಾಪ," ಎಂದಳು.